ತೀರ್ಥರೂಪರ ಕೈಗಡಿಯಾರ

ಹಿರಿಯರು ಲಿಂಗೈಕ್ಯರಾದ ಮೇಲೆ ಮನೆಯಲ್ಲಿ ಉಳಿಯುವ ವಸ್ತುಗಳು ಎರಡು ಬಗೆಯವು. ಹೊಲ, ತೋಟ, ಮನೆ, ಬಂಗಾರ ಮುಂತಾದವುಗಳಿಗೆ ಕಾಗದಪತ್ರಗಳಿರುತ್ತವೆ, ಬೆಲೆಯಿರುತ್ತದೆ. ನಾಲ್ಕು ಜನ ಕುಳಿತು ಮಾತನಾಡಿದರೆ ಅವುಗಳ ವಿಚಾರ ಮುಗಿಯುತ್ತದೆ. ಕನ್ನಡಕ, ಊರುಗೋಲು, ಪೆನ್ನು, ಕೈಗಡಿಯಾರ ಇಂಥವುಗಳಿಗೆ ಕಾಗದವೆಂಬುದಿಲ್ಲ. ಅವುಗಳ ಬಗೆಗೆ ಮನೆಯ ಒಬ್ಬೊಬ್ಬರ ನೆನಪು ಒಂದೊಂದು ತೆರನಾಗಿರುತ್ತದೆ. ನಮ್ಮ ಮನೆಯಲ್ಲಿ ಅಡಿಕೆ ತೋಟದ ವಿಚಾರ ಒಂದೇ ಮಧ್ಯಾಹ್ನದಲ್ಲಿ ಇತ್ಯರ್ಥವಾಯಿತು. ತೀರ್ಥರೂಪರ ಕೈಗಡಿಯಾರದ ವಿಚಾರ ಮಾತ್ರ ಹದಿಮೂರು ವರ್ಷ ಹಾಗೆಯೇ ನಿಂತಿತು.

ನಮ್ಮ ತಂದೆಯವರು ಮೂಲತಃ ಹಾವೇರಿ ಕಡೆಯವರು. 1964ರಲ್ಲಿ, ಇದಿನ್ನೂ ಮೈಸೂರು ರಾಜ್ಯವೆಂದು ಕರೆಸಿಕೊಳ್ಳುತ್ತಿದ್ದ ಕಾಲದಲ್ಲಿ, ಪ್ರಾಥಮಿಕ ಶಾಲೆಯ ಮಾಸ್ತರಿಕೆಗಾಗಿ ಅರಂತೋಡಿನ ಕಡೆಗೆ ಬಂದರು. ಬಯಲುಸೀಮೆಯ ಕರಿಮಣ್ಣು, ಜೋಳದ ರೊಟ್ಟಿಗಳನ್ನು ಬಿಟ್ಟು, ಸುಳ್ಯ ಮತ್ತು ಸಂಪಾಜೆಗಳ ನಡುವಣ ಈ ಮಳೆಯ ಊರಿಗೆ ಹೊಂದಿಕೊಳ್ಳಲು ನಮ್ಮ ತಾಯಿಯವರಿಗೆ ಬಹಳ ಕಾಲ ಹಿಡಿಯಿತಂತೆ. ಸುತ್ತಮುತ್ತ ನಮ್ಮವರ ಮನೆಗಳು ಬೆರಳೆಣಿಕೆಗೂ ಇರಲಿಲ್ಲ. ಆದರೂ ಊರಿನವರು ಮಾಸ್ತರರನ್ನು ತಮ್ಮವರೆಂದೇ ಕಂಡರು. ನಿವೃತ್ತರಾದ 1988ರ ನಂತರವೂ ತಂದೆಯವರು ಹಿಂದಿರುಗಿ ಹೋಗುವ ಮಾತನ್ನೇ ಎತ್ತಲಿಲ್ಲ.

ಅವರ ಎಡಗೈಯಲ್ಲಿ ಸದಾ ಒಂದು ಗಡಿಯಾರವಿರುತ್ತಿತ್ತು. ಬೆಳಿಗ್ಗೆ ಇಷ್ಟಲಿಂಗಪೂಜೆ ಮುಗಿಸಿ, ಹಣೆಯ ವಿಭೂತಿ ಒಣಗುವ ಮೊದಲೇ ಗಡಿಯಾರಕ್ಕೆ ಕೀಲಿ ಕೊಡುವುದು ಅವರ ಪದ್ಧತಿ. ರೇಡಿಯೋದಲ್ಲಿ ವಾರ್ತೆಗೆ ಮುಂಚೆ ಬರುವ ಸಮಯಸೂಚಕ ಸದ್ದಿಗೆ ಮುಳ್ಳನ್ನು ಸರಿಹೊಂದಿಸಿಕೊಳ್ಳುವರು. ಶಾಲೆಯ ಗಂಟೆಯಾಗುತ್ತಿದ್ದುದು ಆ ಗಡಿಯಾರದ ಮೇಲೆಯೇ. 2009ರ ಶ್ರಾವಣದಲ್ಲಿ ಅವರು ಲಿಂಗೈಕ್ಯರಾದಾಗ ಅದನ್ನು ಕೈಯಿಂದ ಬಿಚ್ಚಿ ತಾಯಿಯವರಿಗೆ ಕೊಟ್ಟರು. ಅವರು ಅದನ್ನು ತಂದೆಯವರ ಟ್ರಾನ್ಸಿಸ್ಟರ್ ರೇಡಿಯೋದ ಜೊತೆಯಲ್ಲಿ ಒಂದು ಬಟ್ಟೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಇರಿಸಿದರು.

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಸೀಮೆಯಿದು. ಆಟಿ ತಿಂಗಳಲ್ಲಿ ಕಪಾಟಿನೊಳಗಿನ ಚಪ್ಪಲಿಗೂ ಬೂಸಲು ಬರುತ್ತದೆ. ಹದಿಮೂರು ಮಳೆಗಾಲ ಕಳೆದು 2022ರಲ್ಲಿ ಟ್ರಂಕನ್ನು ತೆರೆದಾಗ ಗಡಿಯಾರದ ಚರ್ಮದ ಪಟ್ಟಿ ಮುಟ್ಟಿದರೆ ಪುಡಿಯಾಗುವಂತಿತ್ತು. ಗಾಜು ಹಳದಿಗಟ್ಟಿತ್ತು. ಡಯಲಿನ ಮೇಲೆ ಕಂದುಬಣ್ಣದ ಕಲೆಗಳು ಹಬ್ಬಿ ಕಂಪನಿಯ ಹೆಸರು ಅಳಿಸಿಹೋಗಿತ್ತು. ಹಿಂಬದಿಯ ಮುಚ್ಚಳದ ಅಕ್ಷರಗಳನ್ನು ದಶಕಗಳ ಬೆವರು ಮೊದಲೇ ಸವೆಸಿತ್ತು. ಕೀಲಿ ಕೊಡುವ ಗುಬ್ಬಿ ತಿರುಗುತ್ತಲೇ ಇರಲಿಲ್ಲ.

ಟ್ರಂಕು ತೆರೆದುದಕ್ಕೆ ಕಾರಣವಿತ್ತು. ಅಕ್ಕನ ಮಗನಿಗೆ ಬೆಂಗಳೂರಿನಲ್ಲಿ ಕೆಲಸವಾಗಿತ್ತು. ತಾಯಿಯವರು ಅಜ್ಜನ ಗಡಿಯಾರವನ್ನು ಮೊಮ್ಮಗನಿಗೆ ಕೊಡಬೇಕೆಂದರು. ಹುಬ್ಬಳ್ಳಿಯಲ್ಲಿರುವ ನಮ್ಮ ಅಣ್ಣನವರು ಇದಕ್ಕೆ ಒಪ್ಪಲಿಲ್ಲ. ಅವರ ಮಾತಿನಲ್ಲಿ ದುರಾಸೆಯೇನೂ ಇರಲಿಲ್ಲವೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಅದು ತಂದೆಯವರದಲ್ಲ, ತಂದೆಯವರ ತಂದೆಯವರದು. ಬ್ಯಾಡಗಿ ಮೆಣಸಿನಕಾಯಿ ವ್ಯಾಪಾರಕ್ಕಾಗಿ ಮುಂಬಯಿಗೆ ಹೋಗಿಬರುತ್ತಿದ್ದ ನಮ್ಮ ಅಜ್ಜನವರು ಅಲ್ಲಿಂದ ತಂದ ಸ್ವಿಸ್ ಗಡಿಯಾರ, ಹಿರಿಯ ಮಗನಿಂದ ಹಿರಿಯ ಮಗನಿಗೆ ಬರಬೇಕಾದದ್ದು, ಎಂಬುದು ಅವರ ನಂಬಿಕೆ. ಅಜ್ಜಿಯ ಬಾಯಲ್ಲಿ ಅವರು ಚಿಕ್ಕಂದಿನಿಂದ ಕೇಳಿದ ಕಥೆಯೂ ಅದೇ. ‘ವೆಸ್ಟ್ ಎಂಡ್’ ಎಂಬ ಹೆಸರನ್ನು ಕೂಡ ಅವರು ನೆನಪಿನಿಂದ ಹೇಳುತ್ತಿದ್ದರು.

ಆ ಹೆಸರು ಸುಳ್ಳಾಗಿರಬೇಕಾಗಿರಲಿಲ್ಲ. ಎಚ್.ಎಂ.ಟಿ. ಬರುವ ಮುನ್ನ ನಮ್ಮ ದೇಶದಲ್ಲಿ ಕೈಗಡಿಯಾರವೆಂದರೆ ಬಹುಪಾಲು ಸ್ವಿಟ್ಜರ್ಲೆಂಡಿನಿಂದ ಬಂದದ್ದು. ವೆಸ್ಟ್ ಎಂಡ್ ವಾಚ್ ಕಂಪನಿ ಮುಂಬಯಿ, ಕಲ್ಕತ್ತಗಳಲ್ಲಿ ಹೆಸರಾಗಿತ್ತು. ಅದರ ‘ಸೋವಾರ್ ಪ್ರೈಮಾ’ ಎಂಬ ಗಡಿಯಾರವನ್ನು ಸೈನಿಕರೂ ರೈಲ್ವೆಯವರೂ ಕಟ್ಟಿಕೊಳ್ಳುತ್ತಿದ್ದರು. ಸೋವಾರ್ ಎಂದರೆ ಸವಾರ, ಕುದುರೆಯೇರಿದವನು. ಫಾವ್ರ್ ಲ್ಯೂಬಾ, ರೋಮರ್ ಮುಂತಾದ ಹೆಸರುಗಳೂ ಹಳೆಯ ಮನೆಗಳಲ್ಲಿ ಈಗಲೂ ಕೇಳಿಬರುತ್ತವೆ. ಇಂಥ ಗಡಿಯಾರಗಳು ಮನೆಯಲ್ಲಿರುವ ಓದುಗ ಬಂಧುಗಳಿಗೆ ಒಂದು ಮಾತು: 1960ಕ್ಕೂ ಹಿಂದಿನ ಗಡಿಯಾರದ ಅಂಕಿಗಳ ಮೇಲೆ ಕತ್ತಲಲ್ಲಿ ಹೊಳೆಯುವಂತೆ ಬಳಿದ ಲೇಪವಿದ್ದರೆ ಅದನ್ನು ಉಗುರಿನಿಂದಾಗಲಿ ಚಾಕುವಿನಿಂದಾಗಲಿ ಕೆರೆಯಕೂಡದು. ಅದು ರೇಡಿಯಂ ಆಗಿರುವ ಸಂಭವವುಂಟು. ಹೊಳಪು ಎಂದೋ ಹೋಗಿದ್ದರೂ ವಿಕಿರಣ ಹೋಗಿರುವುದಿಲ್ಲ. ರೇಡಿಯಂ ಅರ್ಧದಷ್ಟಾಗಲು ಸುಮಾರು 1600 ವರ್ಷ ಬೇಕು. ಅದರ ಧೂಳು ಉಸಿರಿನೊಂದಿಗೆ ಒಳಸೇರುವುದೇ ಅಪಾಯ.

ಗಡಿಯಾರ ಯಾವುದೆಂದು ಗೊತ್ತಾಗದೆ ಯಾರಿಗೆ ಸೇರಬೇಕೆಂದು ಹೇಳುವುದು ಹೇಗೆ? ಗುರುತು ಹಿಡಿಸುವ, ಸಾಧ್ಯವಾದರೆ ನಡೆಯುವಂತೆ ಮಾಡಿಸುವ ಕೆಲಸ ಊರಿನಲ್ಲಿರುವ ನಮ್ಮ ಪಾಲಿಗೆ ಬಂತು.

ಮೊದಲು ಪೇಟೆಯ ಅಂಗಡಿಯೊಂದಕ್ಕೆ ಒಯ್ದೆವು. ಎರಡು ದಿನ ಇರಿಸಿಕೊಂಡು, ಒಳಗಿನದನ್ನು ತೆಗೆದೆಸೆದು ಬ್ಯಾಟರಿಯ ಯಂತ್ರ ಹಾಕಿಕೊಡುವುದಾಗಿಯೂ, ಡಯಲಿಗೆ ಹೊಸ ಬಣ್ಣ ಹೊಡೆಸಿ ಬೇಕಾದ ಹೆಸರನ್ನು ಅಚ್ಚು ಹಾಕಿಸುವುದಾಗಿಯೂ ಹೇಳಿದರು. ಬೇಕಾದ ಹೆಸರು! ವೆಸ್ಟ್ ಎಂಡ್ ಎಂದರೆ ವೆಸ್ಟ್ ಎಂಡ್. ಹಾಗೆ ಮಾಡಿಸಿದ್ದರೆ ಅಣ್ಣನವರಿಗೆ ಸಂತೋಷವಾಗುತ್ತಿತ್ತೇನೋ. ಹಳೆಯ ಗಡಿಯಾರಗಳಿಗೆ ಬಣ್ಣಬಣ್ಣದ ಹೊಸ ಡಯಲು ಹಾಕಿ, ನಾಲ್ಕು ಗಡಿಯಾರಗಳ ಭಾಗಗಳನ್ನು ಒಂದರಲ್ಲಿ ಸೇರಿಸಿ, ಪುರಾತನವೆಂದು ಮಾರುವುದು ಇಂದು ದೊಡ್ಡ ವ್ಯಾಪಾರವಾಗಿದೆ. ಅಕ್ಷರಗಳು ಮಿರಿಮಿರಿ ಮಿಂಚುತ್ತಿದ್ದು ಮುಚ್ಚಳ ಮಾತ್ರ ಸವೆದಿದ್ದರೆ ಕೊಳ್ಳುವವರು ಎರಡು ಬಾರಿ ಯೋಚಿಸುವುದು ಲೇಸು. ನಾವು ಗಡಿಯಾರವನ್ನು ಹಿಂದಕ್ಕೆ ತಂದೆವು.

ಆಮೇಲೆ ತಿಳಿದವರೊಬ್ಬರು ಪುತ್ತೂರಿನ ಹಿರಿಯ ರಿಪೇರಿಯವರ ಬಗ್ಗೆ ಹೇಳಿದರು. ಮೊಣಕಾಲಗಲದ ಮೇಜು, ಗಾಜಿನ ಬೋಗುಣಿಗಳ ಕೆಳಗೆ ಮುಚ್ಚಿಟ್ಟ ಚಕ್ರಗಳು, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ, ಎರಡು ಚಿಮಟ. ಅವರ ಆಸ್ತಿ ಅಷ್ಟೆ. ಗಡಿಯಾರವನ್ನು ಕೈಗೆ ತೆಗೆದುಕೊಂಡವರು ತೆರೆಯಲು ಅವಸರಪಡಲಿಲ್ಲ. ಮೊದಲು ಪಟ್ಟಿ ಸಿಕ್ಕಿಸುವ ಕೊಂಬುಗಳನ್ನು ನೋಡಿದರು. ಅಲ್ಲಿ ಬೆಳ್ಳಿಬಣ್ಣ ಸವೆದು ಹಿತ್ತಾಳೆ ಕಾಣುತ್ತಿತ್ತು. ಮೈ ಹಿತ್ತಾಳೆಯದು, ಮೇಲೆ ಕ್ರೋಮಿಯಂ ಲೇಪ. ಹಿಂಬದಿ ಮಾತ್ರ ಸ್ಟೀಲು. ಬಳಿಕ ಗಾಜನ್ನು ಬಿಡಿಸಿ, ಡಯಲನ್ನು ಬಟ್ಟೆಯಿಂದ ಮುಟ್ಟದೆ, ದೀಪವನ್ನು ಓರೆಯಾಗಿ ಹಿಡಿದರು. ಬಟ್ಟೆಯಿಂದ ಒಂದು ಸಲ ಒರೆಸಿದರೆ ಉಳಿದ ಅಕ್ಷರವೂ ಬಟ್ಟೆಗೇ ಬರುತ್ತದಂತೆ. ಸ್ವಿಸ್ ಗಡಿಯಾರಗಳ ಡಯಲಿನ ತೀರ ಕೆಳಗೆ, ಆರರ ಅಂಕಿಯ ಬುಡದಲ್ಲಿ, ಸ್ವಿಸ್ ಎಂಬ ಸಣ್ಣ ಬರಹ ಇರುವುದು ವಾಡಿಕೆ. ಅಲ್ಲಿ ಏನೂ ಇರಲಿಲ್ಲ. ಹನ್ನೆರಡರ ಕೆಳಗೆ, ಬಣ್ಣ ಹೋದರೂ ಅಚ್ಚಿನ ಗುರುತು ಉಳಿದ ಜಾಗದಲ್ಲಿ, ಇಂಗ್ಲಿಷ್ ಅಕ್ಷರಗಳ ನೆರಳು ಕಂಡಿತು. ಅವರು ಕೂಡಿಸಿ ಓದಿದರು: ‘ಜನತಾ’.

ಮುಚ್ಚಳ ತೆರೆದಾಗ ಸಂಶಯಕ್ಕೆ ಎಡೆಯಿರಲಿಲ್ಲ. ಯಂತ್ರದ ಮೇಲೆ ಎಚ್.ಎಂ.ಟಿ. ಎಂಬ ಮೂರಕ್ಷರ, ಹದಿನೇಳು ಕಲ್ಲುಗಳೆಂಬ ಬರಹ, 0231 ಎಂಬ ಸಂಖ್ಯೆ. ತೂಗುಚಕ್ರದ ಅಚ್ಚಿಗೆ ಪೆಟ್ಟು ತಾಗದಂತೆ ಕಾಯುವ ಸಣ್ಣ ಸ್ಪ್ರಿಂಗಿನ ಆಕಾರವೂ ಒಂದು ಗುರುತು; ಅನೇಕ ಸ್ವಿಸ್ ಯಂತ್ರಗಳಲ್ಲಿ ಕಾಣುವ ಇಂಕಾಬ್ಲಾಕ್ ಎಂಬುದು ಪುಟ್ಟ ತಂತಿವಾದ್ಯದ ಆಕಾರದಲ್ಲಿರುತ್ತದೆ, ಜಪಾನಿನ ಸಿಟಿಜನ್ ಕಂಪನಿಯ ಪ್ಯಾರಾಶಾಕ್ ಬೇರೆ ತೆರನಾದದ್ದು. ಇದರಲ್ಲಿದ್ದುದು ಎರಡನೆಯದು.

ಎಚ್.ಎಂ.ಟಿ. ಗಡಿಯಾರದೊಳಗೆ ಸಿಟಿಜನ್ ಬಂದ ಬಗೆಯನ್ನು ಕಿರಿಯರಿಗಾಗಿ ಹೇಳಬೇಕು. 1953ರಲ್ಲಿ ಬೆಂಗಳೂರಿನ ಜಾಲಹಳ್ಳಿಯಲ್ಲಿ ಯಂತ್ರ ತಯಾರಿಸುವ ಯಂತ್ರಗಳಿಗಾಗಿ ಆರಂಭವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್, 1961ರಲ್ಲಿ ಸಿಟಿಜನ್ ಸಹಯೋಗದಿಂದ ಕೈಗಡಿಯಾರದ ಕಾರ್ಖಾನೆಯನ್ನು ತೆರೆಯಿತು. ಜನತಾ, ಪೈಲಟ್, ಜವಾನ್, ತರುಣ್, ಕೋಹಿನೂರ್, ಹೆಂಗಸರಿಗೆ ಸುಜಾತಾ; ಹೆಸರುಗಳೇ ಆ ಕಾಲದ ಉತ್ಸಾಹವನ್ನು ಸಾರುತ್ತವೆ. ಮದುವೆಯಲ್ಲಿ ಅಳಿಯನಿಗೆ ಎಚ್.ಎಂ.ಟಿ. ವಾಚು ಕಟ್ಟದ ಬೀಗರು ಆಗ ವಿರಳ. 1978ರಲ್ಲಿ ತುಮಕೂರಿನಲ್ಲಿಯೂ ಕಾರ್ಖಾನೆ ಬಂತು. ಆದರೆ 1969ರಲ್ಲಿಯೇ ಜಪಾನಿನ ಸೀಕೋ ಕಂಪನಿ ಕ್ವಾರ್ಟ್ಸ್ ಕೈಗಡಿಯಾರವನ್ನು ಹೊರತಂದಾಗಿತ್ತು. ಸೆಕೆಂಡಿಗೆ 32,768 ಬಾರಿ ಕಂಪಿಸುವ ಹರಳಿನ ಮುಂದೆ ಸೆಕೆಂಡಿಗೆ ಐದು ಬಾರಿ ಬಡಿಯುವ ಚಕ್ರ ಕರಾರುವಾಕ್ಕಿನಲ್ಲಿ ಗೆಲ್ಲುವುದು ಸಾಧ್ಯವಿಲ್ಲ. 1984ರಲ್ಲಿ ಟಾಟಾ ಸಮೂಹವೂ ತಮಿಳುನಾಡು ಕೈಗಾರಿಕಾ ಅಭಿವೃದ್ಧಿ ನಿಗಮವೂ ಸೇರಿ ಕಟ್ಟಿದ ಟೈಟಾನ್ ಕ್ವಾರ್ಟ್ಸ್‌ನ ಹಾದಿ ಹಿಡಿದು ಬೆಳೆಯಿತು, ಎಚ್.ಎಂ.ಟಿ.ಯು ಕೀಲಿ ಕೊಡುವ ಗಡಿಯಾರಗಳನ್ನು ಬಹುಕಾಲ ಬಿಡಲಿಲ್ಲ. 2016ರ ಜನವರಿಯಲ್ಲಿ ಕೇಂದ್ರ ಸರಕಾರ ಎಚ್.ಎಂ.ಟಿ. ವಾಚಸ್ ಕಂಪನಿಯನ್ನು ಮುಚ್ಚಲು ಒಪ್ಪಿಗೆ ನೀಡಿತು. ತುಮಕೂರಿನ ಕಾರ್ಖಾನೆಯ ಜಾಗ ಇಸ್ರೋ ಸಂಸ್ಥೆಗೆ ಹೋಯಿತು.

ಮುಚ್ಚಳದ ಒಳಮೈಯಲ್ಲಿ ಇನ್ನೊಂದು ಸಂಗತಿ ಕಾದಿತ್ತು. ಗಡಿಯಾರ ಬಿಚ್ಚಿ ಎಣ್ಣೆ ಹಾಕಿದವರು ಸೂಜಿಮೊನೆಯಿಂದ ತಮ್ಮ ಗುರುತನ್ನೂ ದಿನಾಂಕವನ್ನೂ ಅಲ್ಲಿ ಗೀರಿಡುವುದು ಈ ಕಸಬಿನ ಸಂಪ್ರದಾಯ. ನಮಗೆ ಭೂತಗನ್ನಡಿ ಕೊಟ್ಟು ತೋರಿಸಿದರು. ನಾಲ್ಕು ಗೀರುಗಳು: 5-76, 4-83, 12-91, 1-2000. ಏಳೆಂಟು ವರ್ಷಕ್ಕೊಮ್ಮೆ ತಪ್ಪದೆ ಎಣ್ಣೆ ಕಂಡಿದೆ. ಮೊದಲಿನ ಎರಡೂ ಏಪ್ರಿಲ್, ಮೇ ತಿಂಗಳುಗಳು, ಎಂದರೆ ಶಾಲೆಯ ಬೇಸಿಗೆ ರಜೆ. ಗಡಿಯಾರ ರಿಪೇರಿಯಲ್ಲಿದ್ದರೆ ಶಾಲೆಯ ಗಂಟೆ ತಪ್ಪುತ್ತದೆಂದು ಮಾಸ್ತರರು ರಜೆ ಬರುವವರೆಗೆ ಕಾದಿರಬೇಕು. ನಿವೃತ್ತರಾದ ಮೇಲೆ ಡಿಸೆಂಬರ್ ಆದರೇನು, ಜನವರಿಯಾದರೇನು! ತಂದೆಯವರ ದಿನಚರಿಯ ಪುಸ್ತಕ ನಮ್ಮಲ್ಲಿಲ್ಲ. ಇದ್ದಿದ್ದರೂ ಅವರನ್ನು ಇಷ್ಟು ಚೆನ್ನಾಗಿ ತೋರಿಸುತ್ತಿತ್ತೆಂದು ನಮಗನಿಸುವುದಿಲ್ಲ.

ಅಂದು ಸಂಜೆ ಅಣ್ಣನವರಿಗೆ ಫೋನಿನಲ್ಲಿ ವಿಷಯ ತಿಳಿಸಿದೆವು. ಅವರು ನಂಬಲಿಲ್ಲ. “ಒಳಗಿನ ಮಶಿನ್ ಬದಲಾಯಿಸ್ಯಾರ. ಮೊದಲಿನ ಅಂಗಡಿಯವರು ಎರಡು ದಿನ ಯಾಕ ಇಟ್ಕೊಂಡಿದ್ರು? ನೀವು ನೋಡಿಕೊಳ್ಳಬೇಕಾಗಿತ್ತು” ಎಂದರು. ದನಿಯಲ್ಲಿದ್ದ ಸಂಶಯ ಅಂಗಡಿಯವರ ಮೇಲೆ ಮಾತ್ರ ಇರಲಿಲ್ಲವೆಂಬುದು ನಮಗೆ ತಿಳಿಯಿತು. ಅರವತ್ತು ದಾಟಿದ ಒಡಹುಟ್ಟಿದವರ ನಡುವೆ ಇಂಥ ಒಂದು ಮಾತು ಸಾಕು. ಆಮೇಲೆ ಹಬ್ಬಕ್ಕೆ ಕರೆದರೂ ಬರುವುದಿಲ್ಲ.

ಮರುದಿನವೇ ಪುತ್ತೂರಿಗೆ ಹೋಗಿ, ಬದಲಾಯಿಸಿರುವುದು ಸಾಧ್ಯವೇ ಎಂದು ಕೇಳಿದೆವು. ಅವರು ಬೇಸರಿಸದೆ ಡಯಲನ್ನು ತಿರುಗಿಸಿ ತೋರಿಸಿದರು. ಅದರ ಬೆನ್ನಿಗೆ ಎರಡು ಸಣ್ಣ ಕಾಲುಗಳು. ಅವು ಯಂತ್ರದ ತಟ್ಟೆಯಲ್ಲಿರುವ ಎರಡು ರಂಧ್ರಗಳಲ್ಲಿ ಕೂರುತ್ತವೆ. ಬೇರೆ ಯಂತ್ರದಲ್ಲಿ ರಂಧ್ರಗಳ ಜಾಗವೂ ಬೇರೆ. ಕಾಲು ಕತ್ತರಿಸಿ ಅಂಟಿಸಬೇಕಾಗುತ್ತದೆ. ಇಲ್ಲಿ ಕಾಲುಗಳು ಇಡಿಯಾಗಿದ್ದವು. ಡಯಲಿನ ಹೆಸರು ಜನತಾ, ಯಂತ್ರ ಜನತಾದ್ದು, ಮುಚ್ಚಳದ ಒಳಗಿನ ಗೀರುಗಳು 1976ರಿಂದ ಮೊದಲ್ಗೊಂಡವು. “ಇದು ಹುಟ್ಟಿದ ಹಾಗೇ ಉಂಟು ಮಾರಾಯ್ರೆ, ಯಾರೂ ಕೈ ಹಾಕ್ಲಿಲ್ಲ” ಎಂದರು.

ಇದನ್ನೆಲ್ಲ ಅಣ್ಣನವರಿಗೆ ಮತ್ತೆ ಫೋನಿನಲ್ಲಿ ವಿವರಿಸುತ್ತಿದ್ದಾಗ ತಾಯಿಯವರು ಪಡಸಾಲೆಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದರು. ಎಂಬತ್ತಾರರ ವಯಸ್ಸು, ನಿನ್ನೆಯದು ಮರೆಯುತ್ತದೆ, ಹಳೆಯದು ಮರೆಯುವುದಿಲ್ಲ. ಫೋನನ್ನು ತಮ್ಮ ಕೈಗೆ ಕೊಡಲು ಹೇಳಿದರು.

“ಯಾರೂ ಏನೂ ಬದಲಾಯಿಸಿಲ್ಲಪಾ. ಅಜ್ಜಾರ ಗಡಿಯಾರ ಬ್ಯಾರೆ ಇತ್ತು. ನಿನ್ನ ಕಾಲೇಜಿಗೆ ಸೇರಿಸೋ ವರ್ಷ ಅದನ್ನ ಮಾರಿ ನಿನಗ ಫೀ ಕಟ್ಟಿದ್ರು. ಹುಡುಗ್ಗ ಹೇಳಬ್ಯಾಡ, ಓದೂ ಮುಂದ ಅವನ ತಲ್ಯಾಗ ಅದು ಕೂಡಬಾರದು ಅಂದಿದ್ರು. ನಾ ಹೇಳಲಿಲ್ಲ.”

1971ರ ಮಾತು. ಅಣ್ಣನವರು ಆಗ ಹುಬ್ಬಳ್ಳಿಯ ವಿದ್ಯಾರ್ಥಿನಿಲಯ ಸೇರಿದ್ದರು. ಮುಂದಿನ ರಜೆಗೆ ಅವರು ಊರಿಗೆ ಬರುವಷ್ಟರಲ್ಲಿ ತಂದೆಯವರು ಒಂದು ಜನತಾ ಕೊಂಡು, ಅಜ್ಜನ ಗಡಿಯಾರದ ಹಳೆಯ ಪಟ್ಟಿಯನ್ನೇ ಅದಕ್ಕೆ ಹಾಕಿಸಿಕೊಂಡಿದ್ದರಂತೆ. ತಂದೆಯ ಮಣಿಕಟ್ಟನ್ನು ಹತ್ತಿರ ಹಿಡಿದು ನೋಡುವ ಸಲಿಗೆ ಆ ಕಾಲದ ಮಕ್ಕಳಿಗೆ ಎಲ್ಲಿತ್ತು? ಅಣ್ಣನವರು ಫೋನಿನಲ್ಲಿ ಏನೂ ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ರಿಪೇರಿ ಯಾವಾಗ ಮುಗಿಯುತ್ತದೆ ಎಂದಷ್ಟೇ ಕೇಳಿದರು.

ರಿಪೇರಿಗೆ ಒಂದು ತಿಂಗಳೇ ಹಿಡಿಯಿತು. ಆ ಕೆಲಸ ನೋಡುವ ಅವಕಾಶ ನಮಗೆ ಎರಡು ಮೂರು ಬಾರಿ ಸಿಕ್ಕಿತು. ಕೀಲಿ ಕೊಡುವ ಗುಬ್ಬಿಯ ಬಳಿಯಿಂದಲೇ ತೇವ ಒಳನುಗ್ಗುವುದು. ಅಲ್ಲಿನ ಕಡ್ಡಿ ತುಕ್ಕು ಹಿಡಿದು ಬೆಸೆದುಹೋಗಿತ್ತು. ಎಣ್ಣೆ ಹಚ್ಚಿ ದಿನಗಟ್ಟಲೆ ನೆನೆಸಿ ಬಿಡಿಸಿ, ಕೆಟ್ಟುಹೋದ ಇನ್ನೊಂದು ಜನತಾದಿಂದ ತೆಗೆದ ಕಡ್ಡಿಯನ್ನು ಹಾಕಿದರು. ಕಂಪನಿ ಹೋದ ಮೇಲೆ ಹಳೆಯ ಗಡಿಯಾರಗಳೇ ಬಿಡಿಭಾಗಗಳ ಉಗ್ರಾಣ. ಶಕ್ತಿಯನ್ನು ಕೂಡಿಟ್ಟುಕೊಳ್ಳುವ ಮೈನ್ ಸ್ಪ್ರಿಂಗು ಸುರುಳಿ ಬಿಚ್ಚುವ ಕಸುವು ಕಳೆದುಕೊಂಡಿತ್ತು, ಅದನ್ನೂ ಬದಲಾಯಿಸಬೇಕಾಯಿತು. ಉಳಿದದ್ದೆಲ್ಲ ಮೂಲದ್ದೇ. ಚಕ್ರಗಳನ್ನು ಒಂದೊಂದಾಗಿ ಬಿಡಿಸಿ ಪೆಟ್ರೋಲಿನಲ್ಲಿ ತೊಳೆದರು. ಒಣಗಿದ ಎಣ್ಣೆ ಅಂಟಿನಂತಾಗಿ ರಂಧ್ರಗಳಲ್ಲಿ ಕಟ್ಟಿಕೊಂಡಿತ್ತು, ಅದನ್ನು ಚೂಪು ಮಾಡಿದ ಮರದ ಕಡ್ಡಿಯಿಂದ ತಿರುವಿ ತೆಗೆದರು.

ಹದಿನೇಳು ಕಲ್ಲುಗಳೆಂದರೆ ಬೆಲೆಬಾಳುವ ರತ್ನಗಳೆಂದು ಅನೇಕರು ಭಾವಿಸುವುದುಂಟು. ಅವು ಕೃತಕ ಮಾಣಿಕ್ಯಗಳು. ಫ್ರಾನ್ಸಿನ ಅಗಸ್ಟ್ ವೆರ್ನ್ಯೂಯಿ 1902ರಲ್ಲಿ ಪ್ರಕಟಿಸಿದ ವಿಧಾನದಿಂದ ಅವು ಅಗ್ಗವಾದವು. ಉಕ್ಕಿನ ಅಚ್ಚು ಲೋಹದ ರಂಧ್ರದಲ್ಲಿ ತಿರುಗಿದರೆ ಎರಡೂ ಸವೆಯುತ್ತವೆ. ನುಣುಪಾದ ಗಟ್ಟಿ ಕಲ್ಲಿನಲ್ಲಿ ತಿರುಗಿದರೆ ಸವೆತ ತೀರ ಕಡಿಮೆ, ಎಣ್ಣೆಯ ಹನಿಯೂ ಜಾಗ ಬಿಟ್ಟು ಹರಿಯುವುದಿಲ್ಲ. ಗಂಟೆಗೆ 18,000 ಬಡಿತ, ದಿನಕ್ಕೆ 4,32,000. ಇಷ್ಟು ಬಡಿತಕ್ಕೆ ಬೇಕಾದ ಎಣ್ಣೆ ಸೂಜಿಯ ಮೊನೆಯಲ್ಲಿ ನಿಲ್ಲುವಷ್ಟು. ಎಣ್ಣೆ ಒಣಗಿದ ಗಡಿಯಾರವನ್ನು ‘ನಡೆಯುತ್ತದಲ್ಲ’ ಎಂದು ಹಾಗೆಯೇ ಕಟ್ಟಿಕೊಂಡರೆ ನಡೆಯುತ್ತಲೇ ಸವೆಯುತ್ತದೆ. ಪೆಟ್ಟಿಗೆಯಲ್ಲಿ ಬಹುಕಾಲ ಇದ್ದ ಗಡಿಯಾರಕ್ಕೆ ಕುತೂಹಲಕ್ಕೆಂದು ಕೀಲಿ ಕೊಡುವ ಮೊದಲು ಎಣ್ಣೆ ಹಾಕಿಸುವುದು ಒಳಿತು.

ಜೋಡಿಸಿದ ಮೇಲೆ ಗಡಿಯಾರ ನಡೆಯಿತು, ಆದರೆ ಓಡತೊಡಗಿತು. ಗಂಟೆಗೆ ಹತ್ತು ನಿಮಿಷ ಮುಂದೆ. ಹಿರಿಯರು ಸಣ್ಣದೊಂದು ದಿಕ್ಸೂಚಿಯನ್ನು ಅದರ ಪಕ್ಕದಲ್ಲಿಟ್ಟರು. ಮುಳ್ಳು ನಡುಗಿತು. “ಎಲ್ಲಿ ಇಟ್ಟಿದ್ರಿ ಇದನ್ನು? ಅಯಸ್ಕಾಂತ ಹಿಡಿದಿದೆ” ಎಂದರು. ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಗಳು ಅಯಸ್ಕಾಂತದ ಗುಣ ಪಡೆದು ಒಂದಕ್ಕೊಂದು ಅಂಟಿಕೊಂಡರೆ ಸ್ಪ್ರಿಂಗು ಗಿಡ್ಡವಾದಂತೆಯೇ ಸರಿ. ಚಕ್ರ ಬೇಗ ಬೇಗ ತೂಗುತ್ತದೆ. ಹದಿಮೂರು ವರ್ಷ ಅದರ ಪಕ್ಕದಲ್ಲಿ ತಂದೆಯವರ ರೇಡಿಯೋ ಇತ್ತೆಂಬುದನ್ನೂ, ಸ್ಪೀಕರಿನೊಳಗೆ ದೊಡ್ಡ ಅಯಸ್ಕಾಂತವಿರುತ್ತದೆಂಬುದನ್ನೂ ಆಗ ನೆನೆದೆವು. ಬದುಕಿದ್ದಾಗ ದಿನಬೆಳಗಾದರೆ ಗಡಿಯಾರವನ್ನು ಸರಿಪಡಿಸುತ್ತಿದ್ದ ರೇಡಿಯೋವೇ ಅದು! ಈ ದೋಷ ನೀಗಲು ಒಂದು ನಿಮಿಷವೂ ಬೇಕಾಗಲಿಲ್ಲ. ತಂತಿಸುರುಳಿಯ ಪುಟ್ಟ ಯಂತ್ರದೊಳಗೆ ಗಡಿಯಾರವನ್ನು ಹಿಡಿದು ಮೆಲ್ಲನೆ ಹೊರಗೆಳೆದರು, ಅಷ್ಟೆ. ಈಗಿನ ಫೋನಿನ ಚೀಲಗಳ ಮುಚ್ಚಳಕ್ಕೂ ಅಯಸ್ಕಾಂತ ಇರುವುದರಿಂದ ಕೀಲಿ ಗಡಿಯಾರವನ್ನು ಫೋನಿನ ಮೇಲೆ ಇಡಬಾರದೆಂದು ಅವರು ಹೇಳಿದರು.

ಡಯಲನ್ನು ಏನು ಮಾಡುವುದೆಂಬ ಪ್ರಶ್ನೆ ಮಾತ್ರ ಉಳಿದಿತ್ತು. ಹೊಸದಾಗಿ ಅಚ್ಚು ಹಾಕಿಸಿದರೆ ನೋಡಲು ಚೆಂದ. ಅಕ್ಕನ ಮಗನೂ ಮೊದಲು ಹಾಗೆಯೇ ಬಯಸಿದ್ದ. ಬೇಡವೆಂದವರು ಅಣ್ಣನವರು. ಅಷ್ಟರಲ್ಲಿ ಅವರು ಹುಬ್ಬಳ್ಳಿಯಿಂದ ಬಂದಿದ್ದರು. ಪುತ್ತೂರಿನ ಆ ಮೇಜಿನ ಮುಂದೆ ಬಹಳ ಹೊತ್ತು ಭೂತಗನ್ನಡಿ ಹಿಡಿದು ಕುಳಿತು, ಮುಚ್ಚಳದ ಗೀರುಗಳನ್ನು ಬೆರಳಿನಿಂದ ಸವರಿ, “ಹೆಸರು ಕಾಣಿಸದಿದ್ರೂ ನಡೀತದ, ಹಂಗ ಇರಲಿ” ಎಂದರು. ಗಾಜು ಮಾತ್ರ ಹೊಸದಾಯಿತು. ಹಿರಿಯರು ಒಳಮುಚ್ಚಳದಲ್ಲಿ ತಮ್ಮ ಗುರುತನ್ನು ಗೀರಿದರು: 11-22. ಕೂಲಿ ಎಂದು ಅವರು ಕೇಳಿದ ಹಣ, ಬ್ಯಾಟರಿ ಯಂತ್ರ ಹಾಕಲು ಮೊದಲಿನ ಅಂಗಡಿಯವರು ಹೇಳಿದ್ದಕ್ಕಿಂತ ಕಡಿಮೆಯಿತ್ತು. ತಿಂಗಳಿಡೀ ಕಣ್ಣು ಸವೆಸಿದ ಕಾಯಕಕ್ಕೆ ಅದು ಏನೇನೂ ಸಾಲದೆಂದು ಅಣ್ಣನವರು ಹೆಚ್ಚಿಗೆ ಕೊಡಲು ಹೋದರೆ ಅವರು ತೆಗೆದುಕೊಳ್ಳಲಿಲ್ಲ.

ಗಡಿಯಾರ ಈಗ ದಿನಕ್ಕೆ ಅರ್ಧ ನಿಮಿಷ ಹಿಂದೆ ಬೀಳುತ್ತದೆ. ಐವತ್ತು ವರ್ಷದ ಯಂತ್ರಕ್ಕೆ ಇದು ಒಳ್ಳೆಯ ನಡಿಗೆಯೆಂದು ಬಲ್ಲವರು ಹೇಳುತ್ತಾರೆ. ದಿನಕ್ಕೊಮ್ಮೆ, ಒಂದೇ ಹೊತ್ತಿಗೆ, ಕೈಯಿಂದ ಬಿಚ್ಚಿಟ್ಟು ಕೀಲಿ ಕೊಡಬೇಕು. ಗುಬ್ಬಿ ಬಿಗಿಯಾದೊಡನೆ ನಿಲ್ಲಿಸಬೇಕು. ಮಳೆಯಲ್ಲಿ ಕಟ್ಟಿಕೊಂಡು ತೋಟಕ್ಕೆ ಇಳಿಯಕೂಡದು.

ತಾಯಿಯವರ ಮಾತಿನಂತೆ ಅದು ಅಕ್ಕನ ಮಗನಿಗೇ ಎಂದು ಎಲ್ಲರೂ ಒಪ್ಪಿದರು. ಅವನು ಬೆಂಗಳೂರಿನ ಜಾಲಹಳ್ಳಿಯಲ್ಲಿ 2019ರಲ್ಲಿ ಆರಂಭವಾದ ಎಚ್.ಎಂ.ಟಿ. ಪರಂಪರೆಯ ಸಂಗ್ರಹಾಲಯಕ್ಕೆ ಹೋಗಿ, ಅಜ್ಜನ ಗಡಿಯಾರದ ಒಡಹುಟ್ಟುಗಳನ್ನು ನೋಡಿಬಂದುದಾಗಿ ಹೇಳಿದ. ಅವನಿಗೆ ಕೊಡುವ ಮೊದಲು ಒಂದು ತಿಂಗಳು ತಾವು ಕಟ್ಟಿಕೊಳ್ಳುವುದಾಗಿ ಅಣ್ಣನವರು ಕೇಳಿದ್ದರು. ಹುಬ್ಬಳ್ಳಿಗೆ ಒಯ್ದರು. ಆ ತಿಂಗಳು ಇನ್ನೂ ಮುಗಿದಿಲ್ಲ. ಅಕ್ಕನ ಮಗನು ಭಾನುವಾರ ಫೋನು ಮಾಡಿದಾಗಲೆಲ್ಲ, “ಮಾವಾರ, ಇವತ್ತ ಕೀಲಿ ಕೊಟ್ರಿ?” ಎಂದು ಕೇಳುತ್ತಾನಂತೆ.